ಹೊರಗಿನ ಮಳೆ, ಒಳಗಿನ ಬೆವರು: ರೇನ್‌ಕೋಟು ಆರಿಸುವುದು ಹೇಗೆ?

ನಮ್ಮ ಮನೆಯಲ್ಲಿ ರೇನ್‌ಕೋಟಿಗೆ ಬರ್ಸಾತಿ ಎನ್ನುತ್ತೇವೆ. ನಮ್ಮ ಅಬ್ಬಾ ಬೆಳಗಿನ ನಮಾಝ್ ಮುಗಿಸಿ, ಬೈಕಿನಲ್ಲಿ ಬನ್ನು, ರಸ್ಕು ಕಟ್ಟಿಕೊಂಡು ತೀರ್ಥಹಳ್ಳಿ ದಾರಿಯ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಜುಲೈನಲ್ಲಿ ಈ ಕೆಲಸ ಎಷ್ಟು ಕಷ್ಟ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದಿನವರೆಗೂ ಅವರು 550 ರೂಪಾಯಿಯ ಪಿವಿಸಿ ಕೋಟು ಹಾಕುತ್ತಿದ್ದರು. ಮಳೆ ಒಳಗೆ ಬರುತ್ತಿರಲಿಲ್ಲ. ಆದರೂ ಮನೆಗೆ ಬಂದಾಗ ಅಂಗಿ ಹಿಂಡಿದರೆ ನೀರು ಬೀಳುತ್ತಿತ್ತು. "ಬಾಹರ್ ಭೀ ಬಾರಿಶ್, ಅಂದರ್ ಭೀ ಬಾರಿಶ್" ಎನ್ನುತ್ತಿದ್ದರು. ಹೊರಗೂ ಮಳೆ, ಒಳಗೂ ಮಳೆ ಎಂದರ್ಥ. ಒಳಗಿನ ಮಳೆ ಅವರದೇ ಬೆವರು. ಕುತ್ತಿಗೆ, ಕಂಕುಳಲ್ಲಿ ತುರಿಕೆ ಹೆಚ್ಚಾಗಿ ಎರಡು ದಿನ ಲೈನಿಗೆ ಹೋಗಲಾಗಲಿಲ್ಲ. ಆಗ ಹೊಸ ಕೋಟು ಆರಿಸುವ ಕೆಲಸ ನನಗೆ ಬಂತು.

ಬಟ್ಟೆ ಉಸಿರಾಡುವುದು ಹೇಗೆ?

ಮಳೆಹನಿ ದೊಡ್ಡದು. ಬೆವರಿನ ಆವಿಯ ಕಣ ಅತಿ ಚಿಕ್ಕದು. ಹನಿ ನುಗ್ಗಲಾರದ, ಆವಿ ಮಾತ್ರ ದಾಟುವಂಥ ಪದರ ಮಾಡಿದರೆ ಎರಡೂ ಸಮಸ್ಯೆಗೆ ಉತ್ತರ ಸಿಗುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬುವರು ಬಿಸಿಯಾದ ಪಿಟಿಎಫ್‌ಇ ಪ್ಲಾಸ್ಟಿಕ್ಕನ್ನು ಜೋರಾಗಿ ಎಳೆದರು. ಅದು ತುಂಡಾಗದೆ ಹಿಗ್ಗಿತು, ಒಳಗೆಲ್ಲ ಸೂಕ್ಷ್ಮ ರಂಧ್ರಗಳಾದವು. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ. ನಮ್ಮ ನಾನ್‌ಸ್ಟಿಕ್ ತವಾದ ಮೇಲಿರುವುದೂ ಇದೇ ಪಿಟಿಎಫ್‌ಇ. ಕಡಿಮೆ ಬೆಲೆಯ ಕೋಟುಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್, ಅಂದರೆ ಪಿಯು, ಲೇಪಿಸಿರುತ್ತಾರೆ.

ಲೇಬಲ್ಲಿನ ಎರಡು ಅಂಕಿಗಳು

ಮೊದಲನೆಯದು ಮಿಲಿಮೀಟರಿನಲ್ಲಿ ಇರುತ್ತದೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಲ್ಲಿಸಿದರೆ ಅದು ಸೋರಲು ಶುರುವಾಗುತ್ತದೆ ಎಂಬ ಲೆಕ್ಕ. 5000 ಎಂದರೆ ಐದು ಮೀಟರ್ ನೀರಿನ ಒತ್ತಡ. ಸಾಧಾರಣ ಮಳೆಗೆ ಇದು ಸಾಕು, ದಿನವಿಡೀ ಸುರಿಯುವ ಮಳೆಗೆ 10000 ಇದ್ದರೆ ಒಳ್ಳೆಯದು. ಬೈಕಿನ ಸೀಟಿನ ಮೇಲೆ ಕೂತಾಗ ಬಟ್ಟೆಯ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಪ್ಯಾಂಟಿನ ಅಂಕಿಯನ್ನೂ ನೋಡಬೇಕು.

ಎರಡನೆಯದು ಗ್ರಾಮಿನಲ್ಲಿ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಆವಿ ಹೊರಹೋಗುತ್ತದೆ ಎಂಬುದು. ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಪರೀಕ್ಷೆಯ ವಿಧಾನಗಳು ಬೇರೆ ಬೇರೆ ಇರುವುದರಿಂದ ಎರಡು ಕಂಪನಿಗಳ ಅಂಕಿಯನ್ನು ನೇರವಾಗಿ ಹೋಲಿಸಬಾರದು.

ನಾನು ಮಾಡಿದ ತಪ್ಪು

ಮೊದಲು ತಂದ ಕೋಟಿನಲ್ಲಿ ಈ ಎರಡು ಅಂಕಿಯನ್ನು ಮಾತ್ರ ನೋಡಿದ್ದೆ. ಮೊದಲ ದಿನವೇ ಭುಜದಲ್ಲಿ ಸೋರಿತು. ಬಟ್ಟೆ ಸರಿ ಇತ್ತು, ಸೋರಿದ್ದು ಹೊಲಿಗೆ. ಸೂಜಿ ಚುಚ್ಚಿದ ಕಡೆಯೆಲ್ಲ ತೂತು ಇರುತ್ತದೆ, ಅದರ ಮೇಲೆ ಒಳಗಿನಿಂದ ಟೇಪು ಅಂಟಿಸಿರಬೇಕು. ಅಂಗಡಿಯಲ್ಲೇ ಕೋಟನ್ನು ತಿರುವಿ ನೋಡಿದ್ದರೆ ತಿಳಿಯುತ್ತಿತ್ತು. ಅಬ್ಬಾ ಬೈಯಲಿಲ್ಲ, ಅದೇ ನನಗೆ ಹೆಚ್ಚು ಬೇಜಾರಾಯಿತು. ಪುಣ್ಯಕ್ಕೆ ಅಂಗಡಿಯವರು ಬದಲಾಯಿಸಿ ಕೊಟ್ಟರು.

ಇನ್ನೊಂದು ವಿಷಯವೂ ಆಗ ತಿಳಿಯಿತು. ಆವಿ ಹೆಚ್ಚು ತೇವ ಇರುವ ಕಡೆಯಿಂದ ಕಡಿಮೆ ತೇವ ಇರುವ ಕಡೆಗೆ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ. ಆದ್ದರಿಂದ ಚಳಿದೇಶದಲ್ಲಿ ಚೆನ್ನಾಗಿ ಉಸಿರಾಡುವ ದುಬಾರಿ ಬಟ್ಟೆಯೂ ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ನಮಗೆ ಬೇಕಾದ್ದು ಕಂಕುಳ ಕೆಳಗೆ ಜಿಪ್ಪು, ಬೆನ್ನಿನಲ್ಲಿ ಮುಚ್ಚಿಕೆಯಿರುವ ಗಾಳಿಕಿಂಡಿ. ಒಳಗೆ ಹತ್ತಿ ಅಂಗಿಯ ಬದಲು ಬೇಗ ಒಣಗುವ ತೆಳು ಪಾಲಿಯೆಸ್ಟರ್ ಟೀ ಶರ್ಟ್ ಹಾಕಿದರೂ ಬಹಳ ವ್ಯತ್ಯಾಸ ಆಗುತ್ತದೆ.

ಕಾಮರ್ಸ್ ಲೆಕ್ಕ

ಕೊನೆಗೆ ಉಳಿಸಿಕೊಂಡದ್ದು ಪಿಯು ಲೇಪನದ, ಟೇಪು ಹಾಕಿದ, ಗಾಳಿಕಿಂಡಿ ಇರುವ ಕೋಟು. ಬೆಲೆ 2200 ರೂಪಾಯಿ. ಹಳೆಯ ಕೋಟು ವರ್ಷಕ್ಕೊಂದು ಬೇಕಾಗುತ್ತಿತ್ತು. ಅಂದರೆ ಹೊಸದು ನಾಲ್ಕು ಮಳೆಗಾಲ ಬಾಳಿದರೆ ಲೆಕ್ಕ ಸಮ. ಈಗ ನಡೆಯುತ್ತಿರುವುದು ಎರಡನೆಯದು. ಪುಸ್ತಕದ ಪ್ರಕಾರ ನಾವಿನ್ನೂ ಲಾಭಕ್ಕೆ ಬಂದಿಲ್ಲ. ಆದರೆ ಈ ಎರಡು ವರ್ಷದಲ್ಲಿ ತುರಿಕೆಗಾಗಿ ಅಬ್ಬಾ ಒಂದು ದಿನವೂ ರಜೆ ಹಾಕಿಲ್ಲ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಅಕೌಂಟೆನ್ಸಿ ಸರ್ ಹೇಳಬೇಕು.

ಕೋಟು ಬಾಳಬೇಕಾದರೆ ಒದ್ದೆಯಾಗಿ ಮಡಚಿ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಪಿಯು ಲೇಪನ ಸಿಪ್ಪೆಯಂತೆ ಏಳುತ್ತದೆ. ಸೌಮ್ಯ ಸೋಪಿನಲ್ಲಿ ತೊಳೆಯಿರಿ, ಫ್ಯಾಬ್ರಿಕ್ ಕಂಡೀಷನರ್ ಬೇಡ. ನೆರಳಲ್ಲಿ ಒಣಗಿಸಿ. ನಮ್ಮ ಮನೆಯಲ್ಲಿ ಈ ಕೆಲಸ ನನ್ನದು. ಅಬ್ಬಾ ಬಂದ ಕೂಡಲೇ ಬರ್ಸಾತಿ ಇಸಿದುಕೊಂಡು ಹಿತ್ತಲ ಬಾಗಿಲ ಬಳಿ ಹರವಿ, ಆಮೇಲೆ ಕಾಲೇಜಿಗೆ ಹೊರಡುತ್ತೇನೆ.