ಹೊಸ ಭಾಷೆಗೆ ರನ್‌ಟೈಮ್ ಆರಿಸುವವರಿಗೆ ಐದು ಪಾಠಗಳು

ಸ್ವಂತ ಪ್ರೋಗ್ರಾಮಿಂಗ್ ಭಾಷೆ ಕಟ್ಟಲು ಹೊರಟ ಎಳೆಯರು ಮೊದಲು ಕೇಳುವುದು, ‘ಜೆವಿಎಂ ಒಳ್ಳೆಯದೋ, ಡಾಟ್‌ನೆಟ್ಟೋ, ವೆಬ್‌ಅಸೆಂಬ್ಲಿಯೋ?’ ಎಂದು. ಕಂಪೈಲರ್ ಕೆಲಸದಲ್ಲಿ ನಾನು ಕಲಿತಿದ್ದನ್ನು ಅವರಿಗಾಗಿ ಇಲ್ಲಿ ಬರೆದಿದ್ದೇನೆ.

1. ಬಿಟ್ಟುಕೊಡಲಾಗದ ಗುಣವನ್ನು ಮೊದಲು ಗುರುತಿಸಿ. ಜೆವಿಎಂನಲ್ಲಿ ಟೇಲ್ ಕಾಲ್‌ಗೆ ಪ್ರತ್ಯೇಕ ಸೂಚನೆಯಿಲ್ಲ. ಹಾಗಾಗಿ ಕ್ಲೋಜರ್‌ನಲ್ಲಿ ‘ರಿಕರ್’ ಎಂದು ಬಿಡಿಸಿ ಬರೆಯಬೇಕು. ಸ್ಕಾಲಾ ಕಂಪೈಲರ್ ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ನನ್ನು ಲೂಪ್ ಮಾಡುತ್ತದೆ. ಡಾಟ್‌ನೆಟ್‌ನ ಬೈಟ್‌ಕೋಡ್‌ನಲ್ಲಿ ಆ ಸೌಲಭ್ಯವಿದೆ, ಎಫ್‌ಶಾರ್ಪ್ ಅದನ್ನು ಬಳಸಿಕೊಳ್ಳುತ್ತದೆ.

2. ಲೈಬ್ರರಿಗಳ ಜೊತೆ ಅವುಗಳ ಸ್ವಭಾವವೂ ಬರುತ್ತದೆ. ಕಾಟ್ಲಿನ್ ನಲ್ ವಿಷಯದಲ್ಲಿ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಜಾವಾ ಕೋಡ್‌ನಿಂದ ಬರುವ ಬೆಲೆಗಳಿಗೆ ಆ ಪಹರೆಯನ್ನು ಸಡಿಲಿಸಬೇಕಾಯಿತು. ಪೈಥಾನನ್ನು ಜೆವಿಎಂಗೆ ತಂದ ಜೈಥಾನ್‌ಗೆ ಜಾವಾ ಲೈಬ್ರರಿಗಳು ಸಿಕ್ಕವು. ಆದರೆ ಸಿ ಭಾಷೆಯನ್ನು ನೆಚ್ಚಿದ ನಮ್‌ಪೈ ಅದರಲ್ಲಿ ಓಡುವುದಿಲ್ಲ.

3. ಏಕಕಾಲಿಕತೆ ಆಮೇಲೆ ಅಂಟಿಸುವಂಥದ್ದಲ್ಲ. ಅರ್ಲಾಂಗ್‌ನ ಬೀಮ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ತನ್ನದೇ ಹೀಪ್ ಇದೆ, ಗಾರ್ಬೇಜ್ ಕಲೆಕ್ಷನ್ ಕೂಡ ಅದರದೇ. ಒಂದು ಬಿದ್ದರೆ ಪಕ್ಕದ್ದು ತಾನಾಗಿ ಬೀಳುವುದಿಲ್ಲ. ಎಲಿಕ್ಸಿರ್ ಈ ಬಲವನ್ನು ಪಡೆದದ್ದು ಬೀಮ್ ಆರಿಸಿಕೊಂಡದ್ದರಿಂದಲೇ.

4. ‘ಎಲ್ಲ ಭಾಷೆಗೂ ಒಗ್ಗುತ್ತದೆ’ ಎಂಬ ಮಾತಿಗಿಂತ, ಮೂಲ ಭಾಷೆಗೆ ಬೇಕಾದದ್ದು ಉಳಿಯುತ್ತದೆ. ಡೈನಾಮಿಕ್ ಭಾಷೆಗಳಿಗೆಲ್ಲ ನೆಲೆಯಾಗಬೇಕೆಂದು ಹುಟ್ಟಿದ ಪ್ಯಾರಟ್‌ನ 1.0 ಆವೃತ್ತಿ 2009ರಲ್ಲಿ ಬಂತು. ಆದರೆ 2015ರಲ್ಲಿ ಪರ್ಲ್ 6 ಕೊನೆಗೂ ಬಿಡುಗಡೆಯಾದಾಗ ಅದು ನಿಂತದ್ದು ಪ್ಯಾರಟ್ ಮೇಲಲ್ಲ, ಮೋರ್‌ವಿಎಂ ಮೇಲೆ. ಜಾವಾಗಾಗಿಯೇ ಹುಟ್ಟಿದ ಜೆವಿಎಂಗೆ 2011ರಲ್ಲಿ, ಜಾವಾ 7ರೊಂದಿಗೆ, ಡೈನಾಮಿಕ್ ಭಾಷೆಗಳಿಗಾಗಿ ಇನ್ವೋಕ್‌ಡೈನಾಮಿಕ್ ಸೇರಿತು. ಜಾವಾ 8ರ ಲ್ಯಾಂಬ್ಡಾಗಳೂ ಅದನ್ನೇ ಬಳಸಿದ್ದರಿಂದ ಅದು ಗಟ್ಟಿಯಾಗಿ ನೆಲೆಯೂರಿತು.

5. ಇಂದು ಇರುವುದನ್ನು ನೋಡಿ ನಿರ್ಧರಿಸಿ. ವೆಬ್‌ಅಸೆಂಬ್ಲಿ 2017ರಲ್ಲೇ ಬ್ರೌಸರ್‌ಗಳಿಗೆ ಬಂದರೂ ಅದರ ಗಾರ್ಬೇಜ್ ಕಲೆಕ್ಷನ್ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಸಿಕ್ಕಿದ್ದು 2023ರ ಕೊನೆಗೆ. ಅಲ್ಲಿಯವರೆಗೆ ಗಾರ್ಬೇಜ್ ಕಲೆಕ್ಷನ್ ನೆಚ್ಚಿದ ಭಾಷೆಗಳು ತಮ್ಮ ಗಾರ್ಬೇಜ್ ಕಲೆಕ್ಟರನ್ನು ಪ್ರತಿ ಫೈಲಿನಲ್ಲೂ ಹೊತ್ತೊಯ್ಯಬೇಕಿತ್ತು.

ಬೈಟ್‌ಕೋಡ್ ಹೊರಡಿಸುವುದು ಈ ಕೆಲಸದ ಸುಲಭದ ಭಾಗ. ರನ್‌ಟೈಮ್ ಆರಿಸುವುದೆಂದರೆ ಅದರ ಮೆಮೊರಿ, ಟೈಪ್, ಕರೆಗಳ ಕಟ್ಟುಪಾಡನ್ನೆಲ್ಲ ಒಪ್ಪಿಕೊಳ್ಳುವುದು. ಆದ್ದರಿಂದ ನಿಮ್ಮ ಭಾಷೆಯ ಅತಿ ಕಷ್ಟದ ಗುಣವೊಂದನ್ನು ಮೊದಲು ಅದರ ಮೇಲೆ ಓಡಿಸಿ ನೋಡಿ, ವೇಗ ಅಳೆಯಿರಿ. ನಡುವೆ ನಿಮ್ಮದೇ ಒಂದು ಮಧ್ಯಂತರ ರೂಪ ಇಟ್ಟುಕೊಳ್ಳಿ. ಮುಂದೆ ರನ್‌ಟೈಮ್ ಬದಲಿಸಬೇಕಾಗಿ ಬಂದರೂ ಭಾಷೆ ಉಳಿಯುತ್ತದೆ.