ಲಡ್ಲೋ ಸ್ಮಾರಕ: ಕೂಲಿ ಇಲ್ಲದ ಕೆಲಸದ ಪಾಠ

ಸೇಫ್ಟಿ ಅಂದ್ರೆ ನಮಗೆ ಹೆಲ್ಮೆಟ್, ಶೂ, ಗೋಡೆ ಮೇಲಿನ ಪೋಸ್ಟರ್ ನೆನಪಾಗುತ್ತವೆ. ಆದರೆ ಕೂಲಿಯ ಲೆಕ್ಕ ಹಾಕುವಾಗಲೇ ಸೇಫ್ಟಿಯೂ ನಿರ್ಧಾರವಾಗಿಬಿಡುತ್ತದೆ. ಇದಕ್ಕೆ ಅಮೆರಿಕದ ಕೊಲರಾಡೊ ರಾಜ್ಯದ ಲಡ್ಲೋ ಸ್ಮಾರಕಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಅಲ್ಲಿನ ಕಲ್ಲಿದ್ದಲು ಗಣಿಗಳಲ್ಲಿ ಅಗೆಯುವವರಿಗೆ ಟನ್ ಲೆಕ್ಕದಲ್ಲಿ ಕೂಲಿ. ಹಾಗಾದರೆ ಸುರಂಗದ ಚಾವಣಿ ಕುಸಿಯದಂತೆ ಮರದ ಕಂಬ ನಿಲ್ಲಿಸುವುದು, ಬಿದ್ದ ಕಲ್ಲು ತೆಗೆಯುವುದು, ಹಳಿ ಹಾಕುವುದು? ಇವಕ್ಕೆ ಸಾಮಾನ್ಯವಾಗಿ ಕಾಸಿಲ್ಲ. ಇಂಥ ಕೆಲಸಕ್ಕೆ 'ಡೆಡ್ ವರ್ಕ್' ಎಂದೇ ಹೆಸರು. ಕಂಬ ನಿಲ್ಲಿಸುತ್ತಾ ಕೂತರೆ ಅವತ್ತಿನ ಕೂಲಿ ಹೋಯ್ತು. ಬಿಟ್ಟರೆ ಜೀವವೇ ಹೋಗಬಹುದು. ಕೊಲರಾಡೊ ಗಣಿಗಳಲ್ಲಿ ಸಾವಿನ ಪ್ರಮಾಣ ದೇಶದ ಸರಾಸರಿಯ ಸುಮಾರು ಎರಡು ಪಟ್ಟು ಇತ್ತು.

1913ರ ಸೆಪ್ಟೆಂಬರಿನಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಸಂಘದ ನೇತೃತ್ವದಲ್ಲಿ ಮುಷ್ಕರ ಶುರುವಾಯಿತು. ಏಳು ಬೇಡಿಕೆಗಳಿದ್ದವು: ಸಂಘಕ್ಕೆ ಮಾನ್ಯತೆ, ಕೂಲಿ ಹೆಚ್ಚಳ, ಎಂಟು ಗಂಟೆ ಕೆಲಸ, ಡೆಡ್ ವರ್ಕಿಗೂ ಕೂಲಿ, ತೂಕ ನೋಡಲು ಕಾರ್ಮಿಕರೇ ಆರಿಸಿದ ವ್ಯಕ್ತಿ, ಅಂಗಡಿ, ವೈದ್ಯ ಮತ್ತು ವಸತಿ ಆರಿಸಿಕೊಳ್ಳುವ ಸ್ವಾತಂತ್ರ್ಯ. ಕೊನೆಯದು ಇನ್ನೂ ವಿಚಿತ್ರ: ರಾಜ್ಯದಲ್ಲಿ ಈಗಾಗಲೇ ಇರುವ ಗಣಿ ಕಾನೂನುಗಳನ್ನು ಜಾರಿ ಮಾಡಿ, ಕಂಪನಿಯ ಕಾವಲುಪಡೆ ತೆಗೆಯಿರಿ! ಇರುವ ಕಾನೂನು ಪಾಲಿಸಿ ಅಂತ ಕೇಳೋದಕ್ಕೂ ಮುಷ್ಕರ ಮಾಡಬೇಕಾಯಿತು.

ಮನೆಗಳೂ ಕಂಪನಿಯವೇ ಆಗಿದ್ದರಿಂದ ಮುಷ್ಕರ ಹೂಡಿದವರು ಬೀದಿಗೆ ಬಿದ್ದರು. ಸಂಘ ಹಾಕಿಸಿದ ಡೇರೆಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಚಳಿಗಾಲ ಕಳೆದರು. ಗುಂಡಿನಿಂದ ತಪ್ಪಿಸಿಕೊಳ್ಳಲು ಕೆಲವರು ಡೇರೆಯೊಳಗೇ ನೆಲ ಅಗೆದು ಗುಂಡಿ ಮಾಡಿಕೊಂಡಿದ್ದರು. 1914ರ ಏಪ್ರಿಲ್ 20ರಂದು ನ್ಯಾಷನಲ್ ಗಾರ್ಡ್ ಪಡೆ ಮತ್ತು ಕಂಪನಿ ಕಾವಲುಗಾರರು ಲಡ್ಲೋ ಡೇರೆಗಳ ಮೇಲೆ ಮೆಷಿನ್ ಗನ್ನಿನಿಂದ ಗುಂಡು ಹಾರಿಸಿದರು. ಸಂಜೆ ಡೇರೆಗಳಿಗೆ ಬೆಂಕಿ ಬಿತ್ತು. ಒಂದೇ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, 11 ಮಕ್ಕಳು ಉಸಿರುಗಟ್ಟಿ ಸತ್ತರು.

ಆ ವರ್ಷ ಡಿಸೆಂಬರಿನಲ್ಲಿ ಮುಷ್ಕರ ಸೋತಿತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಆದರೂ ಸಂಘ ಆ ಜಾಗ ಕೊಂಡು 1918ರಲ್ಲಿ ಗ್ರಾನೈಟ್ ಸ್ಮಾರಕ ನಿಲ್ಲಿಸಿತು. ಒಬ್ಬ ಗಣಿ ಕಾರ್ಮಿಕ, ಪಕ್ಕದಲ್ಲಿ ಮಗುವನ್ನು ಹಿಡಿದ ತಾಯಿ. 2003ರಲ್ಲಿ ಯಾರೋ ಆ ಶಿಲ್ಪಗಳ ತಲೆ ಕಡಿದು ಹಾಕಿದರು. ಸಂಘ ಮತ್ತೆ ರಿಪೇರಿ ಮಾಡಿಸಿ, 2005ರಲ್ಲಿ ಪುನಃ ಅರ್ಪಿಸಿತು. 2009ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಆ ಗುಂಡಿಯನ್ನೂ ಮುಚ್ಚಿಲ್ಲ. ಕಾಂಕ್ರೀಟ್ ಹಾಕಿ ಉಳಿಸಿದ್ದಾರೆ. ಬಾಗಿಲು ತೆರೆದು ಮೆಟ್ಟಿಲಿಳಿದು ನೋಡಬಹುದು.

ನಾವು ಯಾವ ಬ್ರ್ಯಾಂಚಿನವರಾದರೂ ನಾಳೆ ಟಾರ್ಗೆಟ್, ಇನ್ಸೆಂಟಿವ್ ನಿಗದಿ ಮಾಡುವ ಕುರ್ಚಿಯಲ್ಲಿ ಕೂರುವವರೇ. ಮೆಷಿನ್ ನಿಲ್ಲಿಸಿ ಗಾರ್ಡ್ ಸರಿಪಡಿಸಿದವನ ಆ ಅರ್ಧ ಗಂಟೆಯನ್ನು ಯಾವ ಖಾತೆಗೆ ಹಾಕ್ತೀವಿ? ಅವನ ಕೂಲಿಯಿಂದ ಮುರಿದುಕೊಂಡರೆ, ಡೆಡ್ ವರ್ಕ್ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.