ಎಡಗೈಯವನ ಕೋವಿ ಖರ್ಚು

ಪಿರಿಯಾಪಟ್ಟಣದ ಕಾಡಂಚಿನಲ್ಲಿ ಮುಸುಕಿನ ಜೋಳ, ಶುಂಠಿ ಹಾಕಿದವರಿಗೆ ಕಾಡುಹಂದಿಯಿಂದ ಬೆಳೆ ಕಾಯುವುದೂ ಬೇಸಾಯದ ಖರ್ಚೇ. ಆದರೆ ಕೋವಿ ಕೊಳ್ಳುವಾಗ ಹೆಚ್ಚಿನವರ ಲೆಕ್ಕ ಅಂಗಡಿ ಬಿಲ್ಲಿಗೇ ನಿಂತುಬಿಡುತ್ತದೆ. ನಾನು ಹುಟ್ಟಾ ಎಡಚ. ಹಣದ ಜೊತೆಗೆ ಕೈಯ ಲೆಕ್ಕವನ್ನೂ ಹಾಕಬೇಕಾಯಿತು.

‘ಪಿಸ್ತೂಲೇ ತಗೊಳ್ಳಿ ಭಾವ, ಎರಡು ಕಡೆಗೂ ಸೇಫ್ಟಿ ಹಾಕಿಸ್ಕೊಂಡ್ರಾಯ್ತು’ ಎಂದ ನನ್ನ ಭಾವಮೈದ. ಪಿಸ್ತೂಲಿನ ಸೇಫ್ಟಿ ಸಾಮಾನ್ಯವಾಗಿ ಎಡಮಗ್ಗುಲಲ್ಲಿ, ಬಲಗೈ ಹೆಬ್ಬೆರಳಿಗೆ ಸಿಗುವಂತಿರುತ್ತದೆ. ಇನ್ನೊಂದು ಬದಿಗೂ ಕೂಡಿಸುವುದು ಊರಿನ ಆಚಾರಿಯ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ರಿಪೇರಿ, ಮಾರ್ಪಾಡು ಮಾಡುವವನಿಗೂ ಪರವಾನಗಿ ಬೇಕು. ಬಿಡಿಭಾಗ, ಕೂಲಿ, ಓಡಾಟ ಅಂತ ಅಷ್ಟೆಲ್ಲ ಸುರಿದರೂ ಹೊಲ ಕಾಯಲು ಪಿಸ್ತೂಲು ತಕ್ಕದ್ದಲ್ಲ.

ನಾನು ಕೊಂಡದ್ದು 12 ಬೋರಿನ ಜೋಡಿನಳಿಗೆ. ಇಂಥ ಕೋವಿಗಳಲ್ಲಿ ಸೇಫ್ಟಿ ಗುಂಡಿ ಹಿಡಿಯ ಕುತ್ತಿಗೆ ಮೇಲೆ, ನಟ್ಟನಡುವೆ ಇರುತ್ತದೆ. ಎಡ ಹೆಬ್ಬೆರಳಾದರೂ ಸರಿ, ಬಲದ್ದಾದರೂ ಸರಿ, ಮುಂದಕ್ಕೆ ತಳ್ಳಿದರಾಯಿತು. ಒಂದು ಪೈಸೆ ಹೆಚ್ಚಿಗೆ ಕೊಡಬೇಕಿಲ್ಲ. ಹಲವು ಪಂಪ್ ಆಕ್ಷನ್ ಕೋವಿಗಳಲ್ಲಿ ಈ ಅನುಕೂಲವಿಲ್ಲ. ಅಡ್ಡಗುಂಡಿಯನ್ನು ಬಲಗೈ ತೋರುಬೆರಳಿಗೆಂದೇ ಇಟ್ಟಿರುತ್ತಾರೆ.

ಹೊಸ ಕೋವಿ ಮೊದಮೊದಲು ಬಿಗಿ. ನಳಿಗೆ ಮಡಚಲು ಬಲ ಹಾಕಬೇಕು, ಸೇಫ್ಟಿ ತಳ್ಳಿದರೆ ಹೆಬ್ಬೆರಳು ನೋಯುತ್ತದೆ. ನಳಿಗೆ ಬಿಚ್ಚುವ ಮೇಲಿನ ಸನ್ನೆ, ಮುಚ್ಚಿದ ಮೇಲೂ ನಡುಗೆರೆಗೆ ಬಾರದೆ ತುಸು ಬಲಕ್ಕೇ ನಿಲ್ಲುತ್ತದೆ. ಇದು ದೋಷವಲ್ಲ. ಒಳಗಿನ ಬೀಗ ಸವೆದಂತೆಲ್ಲ ನಡುವಿಗೆ ಸರಿಯಲೆಂದೇ ಬಿಟ್ಟ ಜಾಗ ಅದು. ಕಾರ್ಖಾನೆಯ ಗ್ರೀಸು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ತೋಟಾ ಇಲ್ಲದ ಕೋವಿಯನ್ನು ತೆರೆದು ಮುಚ್ಚಿ ಪಳಗಿಸಿದೆ. ಎಣ್ಣೆ ಬಾಟಲಿಯಷ್ಟೇ ಖರ್ಚು. ಅರ ಹಾಕಿಸಿ ಸಡಿಲ ಮಾಡಿಸುವವರು ದುಡ್ಡು ಕೊಟ್ಟು ಕೋವಿಯ ಆಯಸ್ಸು ಕಳೆದುಕೊಳ್ಳುತ್ತಾರೆ. ಹಳೇ ಕೋವಿ ಕೊಳ್ಳುವವರೂ ಈ ಸನ್ನೆಯನ್ನೇ ಮೊದಲು ನೋಡಿ. ನಡುಗೆರೆ ದಾಟಿ ಎಡಕ್ಕೆ ಹೋಗಿದ್ದರೆ ಬೀಗ ಸವೆದಿದೆಯೆಂದು ಅನುಮಾನಿಸಿ. ಬಲ್ಲವರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಇನ್ನು ವರ್ಷವರ್ಷದ ಖರ್ಚು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5ಕ್ಕೆ ಏರಿದ್ದು ಒಳ್ಳೆಯದೇ ಆಯಿತು. ಕಾವೇರಿಯಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯಿಂದಲೇ ವಿನಾಯಿತಿ ಇದೆ, ಈಚೆಯ ನಮಗಿಲ್ಲ. ಹಾಗಾಗಿ ನವೀಕರಣಕ್ಕೆ, ತೋಟಾಗೆ, ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸಿ ಬಿಡಿಸಿಕೊಳ್ಳುವ ಓಡಾಟಕ್ಕೆ ಅಂತ ಬೆಳೆ ಮಾರಿದ ಹಣದಲ್ಲಿ ಒಂದು ಪಾಲು ಎತ್ತಿಡುತ್ತೇನೆ. 2023ರ ವಿಧಾನಸಭೆ, 2024ರ ಲೋಕಸಭೆ ಎರಡೂ ಚುನಾವಣೆಯಲ್ಲಿ ಕೋವಿ ಠಾಣೆಯಲ್ಲಿತ್ತು. ಹೊಲ ಕಾದದ್ದು ಸೋಲಾರ್ ಬೇಲಿ. ಆನೆ ಬಂದರಂತೂ ಕೋವಿ ಸದ್ದಿಗೆ ಮಾತ್ರ, 1972ರ ವನ್ಯಜೀವಿ ಕಾಯ್ದೆ ಆನೆಯನ್ನು ಕಾಯುತ್ತದೆ. ಕೈಯಲ್ಲಿರುವ ಹಣ ಒಂದಕ್ಕಷ್ಟೇ ಸಾಲುವುದಾದರೆ ಬೇಲಿ ಮೊದಲು ಹಾಕಿಸಿ. ಅದಕ್ಕೆ ಸರ್ಕಾರದ ಸಹಾಯಧನವಿದೆ, ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.